ಹಿಮಕ್ಕೆ ನಾವಿಟ್ಟ ಹೆಸರು

ತೀರ್ಥಹಳ್ಳಿ ಆಸ್ಪತ್ರೆಯ ಎದುರಿನ ಕಬ್ಬಿನಹಾಲಿನ ಗಾಡಿಯವನು ಇವತ್ತು ಗೋಣಿಚೀಲ ಬಿಚ್ಚಿ ಐಸ್ ಗಡ್ಡೆ ತೆಗೆದ. ಒದ್ದೆ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಸನಗರದ ಮನೆಯ ನಡುಕೋಣೆಯಲ್ಲಿದ್ದೆ.

ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ದೊಡ್ಡವರಿಗೆ ತಿಳಿಯದ, ನಾವೇ ಕಟ್ಟಿದ ಒಂದು ಭಾಷೆಯಿತ್ತು. ಕ್ಯಾಲೆಂಡರಿನಲ್ಲಷ್ಟೇ ಕಂಡಿದ್ದ ಹಿಮಕ್ಕೆ ಮಾತ್ರ ಅದರಲ್ಲಿ ಹೆಸರಿರಲಿಲ್ಲ.

ಅಜ್ಜ ತೀರಿಕೊಂಡ ದಿನ, ಮುಂಬಯಿಯಿಂದ ದೊಡ್ಡಪ್ಪ ಬರುವವರೆಗೆ ದೇಹ ಕೆಡದಿರಲೆಂದು ಅಪ್ಪ ಸಾಗರದಿಂದ ಜೀಪಿನಲ್ಲಿ ಮರದ ಹೊಟ್ಟು ಮುಚ್ಚಿದ ಐಸ್ ತರಿಸಿ ಅಜ್ಜನ ಸುತ್ತ ಜೋಡಿಸಿದರು. ಚಾಪೆಯ ಮೇಲೆ ಉದುರಿದ, ಕ್ಯಾಲೆಂಡರಿನ ಹಿಮದಂಥ ಬಿಳಿ ಪುಡಿಯನ್ನು ಅಕ್ಕ ಬೆರಳಿನಿಂದ ಮುಟ್ಟಿದಳು.

“ಇದೆಂತದು ಚಿಕ್ಕಮ್ಮ?”

“ಸುಮ್ನಿರಿ!” ಚಿಕ್ಕಮ್ಮ ನಮ್ಮಿಬ್ಬರನ್ನೂ ಗದರಿದರು.

ಅದೇ ಅದರ ಹೆಸರೆಂದು ನಾನು ನಂಬಿಬಿಟ್ಟೆ. ಅಕ್ಕ ‘ರಿ’ ಕಿತ್ತುಹಾಕಿದಳು. ಹಿಮ ಎಂದರೆ ‘ಸುಮ್ನಿ’ ಎಂದಾಯಿತು. ಆ ಭಾಷೆಯ ಉಳಿದ ಮಾತೆಲ್ಲ ಆಮೇಲೆ ಮರೆತೇಹೋಯಿತು.

ಕಬ್ಬಿನಹಾಲು ಹಿಡಿದು ವಾರ್ಡಿಗೆ ಬಂದೆ. ವಾರದಿಂದ ಮಾತಾಡದ ಅಕ್ಕ ಕಣ್ಣು ಬಿಟ್ಟು ಮಲಗಿದ್ದಳು. ಹೊರಗೆ ರಣಬಿಸಿಲು.

“ಕಿಟಕಿ ಹಾಕೇ,” ಎಂದಳು ಮೆಲ್ಲಗೆ. “ಸುಮ್ನಿ ಬೀಳ್ತಿದೆ.”