ಆಪಾ ಕೇಳಿದ ಮೊದಲ ಅಕ್ಷರ

ಕಳೆದ ವಾರ ನಮ್ಮ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ರಾಣೆಬೆನ್ನೂರಿನಲ್ಲಿ ನಮ್ಮದು ಬೀಜದ ಅಂಗಡಿ, ಬಿಲ್ಲಿನ ಕೆಲಸ ನನ್ನದು. ರಿಪೇರಿಯವನು ಬಂದು ಡಬ್ಬಿಯ ಮುಚ್ಚಳ ಬಿಚ್ಚಿ ಊದಿದ್ದೇ ತಡ, ಕೆಂಪು ಧೂಳು ಎದ್ದಿತು. ಪಕ್ಕದಲ್ಲೇ ಖಾರದಪುಡಿ ಗಿರಣಿ ಇದೆ, ಅದರ ಪ್ರಸಾದ. ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ, ಅದರಲ್ಲಿ ಬೆರೆತ ಒಣಮೆಣಸಿನಕಾಯಿಯ ಘಾಟು... ಅವನು ಸೀನಿದ, ನಾನೂ ಸೀನಿದೆ. ಸೀನು ನಿಂತ ಮೇಲೂ ನನ್ನ ಕಣ್ಣೀರು ನಿಲ್ಲಲಿಲ್ಲ.

"ಖಾರಕ್ಕ ಹಂಗ ಆಗತೈತ್ರಿ ಅಕ್ಕಾರ" ಎಂದ ಅವನು. ಹೂಂ ಎಂದೆ. ಈ ವಾಸನೆಯಲ್ಲೇ ಕೂತು ನಾನು ಕಂಪ್ಯೂಟರ್ ಕಲಿತೆ ಎಂದರೆ ಅವನು ನಂಬುವ ಹಾಗಿರಲಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಮಾತು. ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ನಮ್ಮೂರು ಕದರಮಂಡಲಗಿಯಿಂದ ಬ್ಯಾಡಗಿಗೆ ಬಸ್ಸು ಸುಲಭ, ಅಲ್ಲಿ ಹೊಸದಾಗಿ ಕಂಪ್ಯೂಟರ್ ಕ್ಲಾಸು ಶುರುವಾಗಿದೆ ಎಂದು ಅಪ್ಪ ಕಳಿಸಿದರು. ಕಂಪ್ಯೂಟರ್ ಎಂದರೆ ಏನೆಂದು ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಮೆಣಸಿನಕಾಯಿ ಮಂಡಿಯೊಂದರ ಮಹಡಿಯ ಮೇಲೆ ಒಂದು ಕೋಣೆ. ಕೆಳಗೆ ಚೀಲಗಳ ರಾಶಿ, ಮೇಲೆ ನಾಲ್ಕು ಹಳೆಯ ಕಂಪ್ಯೂಟರುಗಳು. ಪ್ರತಿಯೊಂದರ ಮೇಲೂ ಹೂವಿನ ಕಸೂತಿ ಹಾಕಿದ ಬಟ್ಟೆ. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಒಳಗೆ ಹೋಗಬೇಕಿತ್ತು. ಖಾರದ ಕೈಯಲ್ಲಿ ಕಣ್ಣು ಮುಟ್ಟಿಕೊಂಡರೆ ಗತಿಯೇನು ಎಂಬುದು ಅದಕ್ಕೆ ಕಾರಣ. ನಾನು ಮಾತ್ರ ಬಹಳ ದಿನ ಅದು ಮಡಿ ಎಂದೇ ತಿಳಿದಿದ್ದೆ.

ಕಲಿಸುತ್ತಿದ್ದವಳು ಮಂಡಿಯ ಮಾಲೀಕರ ಮಗಳು. ನನಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕಲಿತು ಬಂದಿದ್ದಳು. ನಾವೆಲ್ಲ ಅವಳನ್ನು ಆಪಾ ಎನ್ನುತ್ತಿದ್ದೆವು. ಅವರ ಮನೆಯಲ್ಲಿ ತಮ್ಮಂದಿರು ಅಕ್ಕನನ್ನು ಹಾಗೆ ಕರೆಯುತ್ತಿದ್ದರು, ಅದೇ ನಮ್ಮ ಬಾಯಿಗೂ ಬಂತು. ತಲೆಯ ಮೇಲಿನ ದುಪಟ್ಟಾ ಜಾರಿದರೆ ಸರಿಮಾಡಿಕೊಳ್ಳುವಷ್ಟು ಪುರುಸೊತ್ತೂ ಅವಳಿಗೆ ಇರುತ್ತಿರಲಿಲ್ಲ, ಒಬ್ಬಳ ಬೆನ್ನ ಹಿಂದಿನಿಂದ ಇನ್ನೊಬ್ಬಳ ಬೆನ್ನ ಹಿಂದೆ ಓಡಾಡುತ್ತಲೇ ಇರುತ್ತಿದ್ದಳು.

ಮೊದಲ ದಿನ ಪರದೆಯ ಮೇಲೆ ಬಿಳಿ ಅಕ್ಷರ ಮೂಡಿದಾಗ ನಾನು ಕುರ್ಚಿ ಬಿಟ್ಟು ಎದ್ದು ನಿಂತಿದ್ದೆ. ಯಾರೋ ಒಳಗಿನಿಂದ ನೋಡುತ್ತಿದ್ದಾರೆ ಅನ್ನಿಸಿತ್ತು. ಆಪಾ ನಗಲಿಲ್ಲ. "ಕುಂದ್ರು. ಅದಕ್ಕೂ ನಿನ್ನ ಕಂಡ್ರ ಹೆದರಿಕಿ ಐತಿ" ಎಂದಳು.

ಮಷೀನಿನ ಮಾತೆಲ್ಲ ಇಂಗ್ಲಿಷು, ನಾವೆಲ್ಲ ಕನ್ನಡ ಶಾಲೆಯವರು. ಬಾಯಿಪಾಠ ಮಾಡಿಸಿ ಸಾಕಾಗಿ ಆಪಾ ಕೊನೆಗೆ ಮಂಡಿಯ ಮಾತನ್ನೇ ಮೇಲೆ ತಂದಳು. ಕೆಳಗೆ ಹಮಾಲರು ಚೀಲದ ಬಾಯಿ ಬಿಚ್ಚುತ್ತಿದ್ದರು, ಹಾಗಾಗಿ ಫೈಲ್ ಓಪನ್ ಮಾಡುವುದಕ್ಕೆ 'ಬಿಚ್ಚು'. ಸೇವ್ ಮಾಡುವುದಕ್ಕೆ 'ಕಟ್ಟು'. ಅಂಗಳದಲ್ಲಿ ಹೆಂಗಸರು ಕೂತು ರಾಶಿಯಿಂದ ಬಣ್ಣಗೆಟ್ಟ ಬಿಳಿಗಾಯಿ ತೆಗೆದು ಎಸೆಯುತ್ತಿದ್ದರು, ಅದಕ್ಕೇ ಡಿಲೀಟ್ ಎಂದರೆ 'ತಗಿ'. "ಬಿಚ್ಚು" ಎಂದಳೋ ಬಿಚ್ಚಬೇಕು, "ತಗಿ" ಎಂದಳೋ ತೆಗೆಯಬೇಕು, ನಡುವೆ ಯಾಕೆ ಏನು ಎಂದು ಕೇಳಬಾರದು. ಎರಡು ತಿಂಗಳಲ್ಲಿ ನಮ್ಮ ಬೆರಳುಗಳಿಗೆ ಆ ಮಾತು ಎಷ್ಟು ರೂಢಿಯಾಯಿತೆಂದರೆ ಕಿವಿಗೆ ಬೀಳುವ ಮೊದಲೇ ಕೆಲಸ ಮುಗಿದಿರುತ್ತಿತ್ತು. ಹಿಂದೆ ಮುಂದೆ ನೋಡದೆ ಕಲಿತ ವಿದ್ಯೆ ಅದು.

ಆಪಾಳ ಅಬ್ಬಾನಿಗೆ ಈ ಕ್ಲಾಸು ಅಷ್ಟೇನೂ ಸೇರುತ್ತಿರಲಿಲ್ಲ. ಕೆಟ್ಟ ಮನುಷ್ಯರಲ್ಲ, ಬಿಸಿಲಲ್ಲಿ ಬಂದ ನಮಗೆ ಶರಬತ್ತು ಕಳಿಸುತ್ತಿದ್ದರು. ಆದರೆ ಸುಗ್ಗಿ ಹತ್ತಿರ ಬಂದಂತೆ ಚೀಲ ಇಡಲು ಜಾಗ ಸಾಲುತ್ತಿರಲಿಲ್ಲ. ಪಕ್ಕದ ಅಂಗಡಿಯ ವ್ಯಾಪಾರಿಗೂ ಆ ಮಹಡಿಯ ಮೇಲೇ ಕಣ್ಣು. ಅದಕ್ಕೇ ಮಗಳಿಗೆ ಒಂದು ಕರಾರು ಹಾಕಿದ್ದರು. ಹುಬ್ಬಳ್ಳಿಯ ಸಂಸ್ಥೆಯವರು ಬಂದು ಪರೀಕ್ಷೆ ಮಾಡಿ ಮಾನ್ಯತೆ ಕೊಟ್ಟರೆ ಕ್ಲಾಸು ಉಳಿಯುತ್ತದೆ, ಇಲ್ಲವಾದರೆ ಕೋಣೆ ಚೀಲಗಳಿಗೆ. ಬೇರೆ ಕಡೆ ಹೋಗಿ ಕಲಿಸುವುದು ಅವರ ಮನೆಯಲ್ಲಿ ಆಗದ ಮಾತು. ಇದು ನಮಗೂ ಗೊತ್ತಿತ್ತು, ಆಪಾನೇ ಹೇಳಿದ್ದಳು. ಹಾಗಾಗಿ ಪರೀಕ್ಷೆ ನಮ್ಮದಾದರೂ ಪಾಸಾಗಬೇಕಾದವಳು ಅವಳಾಗಿದ್ದಳು.

ಪರೀಕ್ಷೆಗೆಂದು ನಾವು ನಾಲ್ವರೂ ಒಂದೊಂದು ಕೆಲಸ ಮಾಡಿಟ್ಟಿದ್ದೆವು. ನನ್ನದು ಕಾಗಿನೆಲೆಗೆ ಹೋಗುವ ಬಸ್ಸುಗಳ ವೇಳಾಪಟ್ಟಿ. ಬಳೆ ಅಂಗಡಿಯವರ ಸೊಸೆಯೊಬ್ಬಳು ನಮ್ಮ ಜೊತೆ ಕಲಿಯುತ್ತಿದ್ದಳು, ಅವಳದು ಬಳೆಗಳ ಅಳತೆ ಮತ್ತು ಬಣ್ಣ. ಪ್ರತಿ ಫೈಲಿಗೂ ಅವರವರದೇ ಹೆಸರು. ನನ್ನದು ಗಿರಿಜಾ.

ಪರೀಕ್ಷಕರು ಬಂದರು. ಮೈಸೂರು ಕಡೆಯವರು, ಮೆತ್ತಗಿನ ಮನುಷ್ಯ. ಮೆಟ್ಟಿಲು ಹತ್ತುವಾಗಲೇ ಸೀನಿ ಸೀನಿ ಸುಸ್ತಾಗಿದ್ದರು. ನೀರು ಕುಡಿದು, ಕರವಸ್ತ್ರದಿಂದ ಕಣ್ಣೊರೆಸಿಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದರು: "ಎಲ್ಲಿ, ಎಲ್ಲರೂ ನಿಮ್ಮ ನಿಮ್ಮ ಫೈಲ್ ತೆಗೀರಮ್ಮ, ನೋಡೋಣ."

ತೆಗೆದುಬಿಟ್ಟೆವು.

ನಾಲ್ವರೂ, ಒಟ್ಟಿಗೇ. ನಾಲ್ಕು ಎಂಟರ್ ಒಂದೇ ಏಟಿಗೆ ಬಿದ್ದ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಬಾಗಿಲು ತೆಗೆ ಎಂದರೆ ಯಾರೂ ಬಾಗಿಲು ಕಿತ್ತು ಎಸೆಯುವುದಿಲ್ಲ, ಆ ಬುದ್ಧಿ ನಮಗೂ ಇತ್ತು. ಆದರೆ ಆ ಕೋಣೆಯಲ್ಲಿ, ಆ ಕುರ್ಚಿಯಲ್ಲಿ ಕೂತಾಗ 'ತಗಿ'ಗೆ ಇದ್ದದ್ದು ಒಂದೇ ಅರ್ಥ. ಆ ಮಷೀನಾದರೂ ಖರೇನಾ ಎಂದು ಒಂದು ಮಾತು ಕೇಳಬಾರದಿತ್ತೇ... ಕೇಳಲಿಲ್ಲ.

ಪರೀಕ್ಷಕರು ಒಂದು ಪರದೆಯಿಂದ ಇನ್ನೊಂದಕ್ಕೆ ನಡೆದರು. ಎಲ್ಲೂ ಏನೂ ಇಲ್ಲ. "ಎಲ್ಲಮ್ಮ ಫೈಲು?" ಎಂದು ಅವರು ಕೇಳಿದಾಗ ನನಗೆ ಗೊತ್ತಾಯಿತು. ಎದೆ ಧಸಕ್ಕೆಂದಿತು. ಆಪಾಳ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಬಳೆ ಅಂಗಡಿಯ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದವಳೇ ಮೆಟ್ಟಿಲಿಳಿದು ಓಡಿಹೋದಳು. ಅವಳನ್ನು ತಡೆಯುವಷ್ಟು ಪ್ರಜ್ಞೆ ನಮ್ಮಲ್ಲಿ ಯಾರಿಗೂ ಇರಲಿಲ್ಲ.

"ತಪ್ಪು ಇವರದಲ್ಲರಿ ಸರ್" ಎಂದಳು ಆಪಾ. "ನಾ ಕಲಿಸಿದ ಮಾತ ಹಂಗೈತಿ." ಮಾತಿನ ಗಲಿಬಿಲಿ ವಿವರಿಸಿ, "ಯಾರೂ ಏನೂ ಮುಟ್ಟಬ್ಯಾಡ್ರಿ" ಎಂದು ನಮ್ಮನ್ನು ಎಬ್ಬಿಸಿ ನನ್ನ ಕುರ್ಚಿಯಲ್ಲಿ ಕೂತಳು. ಏನೋ ಒಂದು ಮಾತು ಟೈಪು ಮಾಡಿದಳು. ಅವಳು ನಮಗೆ ಅದನ್ನು ಕಲಿಸಿರಲೇ ಇಲ್ಲ, ಕಲಿಸಿದರೆ ನಾವು ಉಡಾಫೆ ಮಾಡುತ್ತೇವೆಂದು. ಪರದೆಯ ಮೇಲೆ ನನ್ನ ಫೈಲಿನ ಹೆಸರು ಮೆಲ್ಲಗೆ ಎದ್ದು ಬಂತು. ಮೊದಲ ಅಕ್ಷರ ಇರಲಿಲ್ಲ, ಅದರ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ. ಅಳಿಸಿದಾಗ ಮಷೀನು ಹೆಸರಿನ ಮೊದಲ ಅಕ್ಷರವೊಂದನ್ನೇ ಮರೆಯುತ್ತದಂತೆ. ಅದಷ್ಟು ಹೇಳಿದರೆ ಉಳಿದದ್ದನ್ನೆಲ್ಲ ತಂದುಕೊಡುತ್ತದೆ.

"ನಿನ್ನ ಹೆಸರಿನ ಮೊದಲ ಅಕ್ಷರ ಹೇಳು" ಎಂದಳು. ಅವಳಿಗೆ ಗೊತ್ತಿಲ್ಲವೇ? ಆದರೂ ಕೇಳಿದಳು. "ಜಿ" ಎಂದೆ. ಜಿ ಒತ್ತಿದಳು. ಕಾಗಿನೆಲೆಯ ಬಸ್ಸುಗಳೆಲ್ಲ ಒಂದೊಂದಾಗಿ ವಾಪಸು ಬಂದವು. ಹಾಗೇ ಪ್ರತಿಯೊಬ್ಬಳನ್ನೂ ಕೇಳಿ ಕೇಳಿ, ಓಡಿಹೋದವಳದನ್ನು ತಾನೇ ಹಾಕಿ, ನಾಲ್ಕನ್ನೂ ಬದುಕಿಸಿದಳು. ಪರೀಕ್ಷಕರು ಸೀನುವುದನ್ನೂ ಮರೆತು ನಿಂತಿದ್ದರು. ಮಾನ್ಯತೆಗೆ ಅಡ್ಡಿಯಿಲ್ಲ, ಆದರೆ ಆ ಪದವೊಂದನ್ನು ಬದಲಾಯಿಸಿ ಎಂದು ನಕ್ಕರು. ನಾವೂ ನಕ್ಕೆವು. ಹೋದ ಜೀವ ಬಂದಂತಾಗಿತ್ತು.

ಅಬ್ಬಾನಿಗೆ ಹೇಳೋಣವೆಂದು ಆಪಾ ಕೆಳಗೆ ಓಡಿದಳು, ಹಿಂದೆಯೇ ನಾವು. ಮಂಡಿಯ ಬಾಗಿಲಲ್ಲಿ ಬಳೆ ಅಂಗಡಿಯ ಸೊಸೆ ಇನ್ನೂ ಬಿಕ್ಕುತ್ತ ನಿಂತಿದ್ದಳು. ಒಳಗೆ ಅಬ್ಬಾ, ಅವರೆದುರು ಪಕ್ಕದ ಅಂಗಡಿಯ ವ್ಯಾಪಾರಿ. ಇಬ್ಬರ ಬಲಗೈಗಳೂ ಒಂದು ಟವೆಲಿನ ಕೆಳಗಿದ್ದವು. ನಾವು ನೋಡುತ್ತಿದ್ದ ಹಾಗೆ ಅವರು ಕೈ ಬಿಡಿಸಿಕೊಂಡರು, ಅಬ್ಬಾ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡರು.

ಟವೆಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ ಕುದುರಿಸುವುದು ಅವರ ಹಳೆಯ ಪದ್ಧತಿ. ಬೆರಳು ಬಿಟ್ಟರೆ ಮಾತು ಮುಗಿಯಿತು ಎಂದರ್ಥ. ಬಳೆ ಅಂಗಡಿಯ ಸೊಸೆ ಅಳುತ್ತ ಇಳಿದು ಬಂದು "ಎಲ್ಲಾ ಹೋತ್ರೀ" ಎಂದಿದ್ದಳು, ಅಬ್ಬಾ ಅಷ್ಟನ್ನೇ ಕೇಳಿಸಿಕೊಂಡು ಮಹಡಿಯನ್ನು ಆ ವ್ಯಾಪಾರಿಗೆ ಕೊಡುವುದಾಗಿ ಒಪ್ಪಿಬಿಟ್ಟಿದ್ದರು.

"ಅಬ್ಬಾ, ಎಲ್ಲಾ ವಾಪಸ್ ಬಂದಾವ" ಎಂದಳು ಆಪಾ.

ಸ್ವಲ್ಪ ಹೊತ್ತಿನ ಮುಂಚೆ ಮೇಲೆ ನಮ್ಮ ಮುಖ ಆಗಿದ್ದ ಹಾಗೇ ಅಬ್ಬಾನ ಮುಖವೂ ಆಯಿತು. "ಬೇಟಾ, ಕೈ ಕೊಟ್ಟೇನಿ" ಎಂದರು. "ನಿನ್ನ ಮಷೀನಿನ್ಯಾಗ ಹೋಗಿದ್ದು ಬರತೈತಿ. ಇದು ಬರಾಂಗಿಲ್ಲ."

ಹೀಗೂ ಆಗುತ್ತದೆಯೇ... ಮೇಲೆ ನಾವು ನಗುತ್ತಿದ್ದ ಹೊತ್ತಿಗೆ ಕೆಳಗೆ ಎಲ್ಲ ಮುಗಿದುಹೋಗಿತ್ತು. ಅಬ್ಬಾನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿತ್ತು, ಇವತ್ತಿಗೂ ಅದು ಪೂರ್ತಿ ಆರಿಲ್ಲ. ಆಪಾ ಅಳಲಿಲ್ಲ, ಜಗಳ ಮಾಡಲಿಲ್ಲ. ಮೇಲೆ ಹೋಗಿ ಪರೀಕ್ಷಕರಿಗೆ ಚಹಾ ಕೊಟ್ಟಳು. ಮಷೀನುಗಳನ್ನು ನಮಗೆ ಕಲಿಸಿದ ಕ್ರಮದಲ್ಲೇ ಒಂದೊಂದಾಗಿ ಆರಿಸಿದಳು, ಕಸೂತಿ ಬಟ್ಟೆ ಹೊದಿಸಿದಳು.

ಮರುವಾರ ಹೋದಾಗ ಆ ಕೋಣೆಯಲ್ಲಿ ಸೂರಿನ ತನಕ ಚೀಲಗಳಿದ್ದವು. ಅಲ್ಲಿ ಕಲಿತದ್ದರ ಮೇಲೆ ನನಗೆ ರಾಣೆಬೆನ್ನೂರಿನಲ್ಲಿ ಕೆಲಸ ಸಿಕ್ಕಿತು. ಕೆಲಸದ ಗಡಿಬಿಡಿ ಮುಗಿಸಿ ಇನ್ನೊಮ್ಮೆ ಬ್ಯಾಡಗಿಗೆ ಹೋಗುವ ಹೊತ್ತಿಗೆ ಅವರು ಮಂಡಿ ಬೇರೆಯವರಿಗೆ ಕೊಟ್ಟು ಸೊಲ್ಲಾಪುರದ ಕಡೆ ಹೋಗಿದ್ದರು. ಪಕ್ಕದ ಅಂಗಡಿಯಲ್ಲಿ ವಿಚಾರಿಸಿದೆ. "ಯಾರು, ಆಪಾನ? ಹೋದ್ರಲ್ಲ" ಎಂದರು, ಅಷ್ಟೇ.

ಕಂಪ್ಯೂಟರ್ ಸರಿಯಾಯಿತು. ರಿಪೇರಿಯವನು ಇಂಟರ್ನೆಟ್ಟನ್ನೂ ಹಚ್ಚಿಕೊಟ್ಟು, "ಏನರ ಹುಡುಕಿ ನೋಡ್ರಿ, ಬರಾಕತ್ತೈತೇನು" ಎಂದ. ಕೈ ತಾನಾಗಿ ಕೀಬೋರ್ಡಿನ ಮೇಲೆ ಹೋಯಿತು. ಎಷ್ಟು ವರ್ಷದಿಂದ ಇದರ ಮುಂದೆ ಕೂತಿದ್ದೇನೆ, ಒಮ್ಮೆಯೂ ಹೊಳೆದಿರಲಿಲ್ಲವಲ್ಲ, ಆಪಾ ಎಲ್ಲಿದ್ದಾಳೋ ಹುಡುಕೋಣ ಎಂದುಕೊಂಡೆ. ಬೆರಳು ಅಲ್ಲೇ ನಿಂತಿತು.

ನಮಗವಳು ಆಪಾ. ತಮ್ಮಂದಿರಿಗೂ ಆಪಾ. ಅಬ್ಬಾನ ಬಾಯಲ್ಲಿ ಬೇಟಾ. ಬಾಗಿಲ ಮೇಲಿನ ಬೋರ್ಡಿನಲ್ಲಿ ಕಂಪ್ಯೂಟರ್ ಕ್ಲಾಸ್ ಎಂದಷ್ಟೇ ಇತ್ತು. ಒಂದು ವರ್ಷ ಅವಳ ಎದುರು ಕೂತಿದ್ದೆ, ಅವಳ ಹೆಸರು ನನಗೆ ಗೊತ್ತಿಲ್ಲ. ಅಂದು ಬರಿದಾದ ಪರದೆ ಕಂಡಾಗ ಎದೆ ಹೇಗೆ ಧಸಕ್ಕೆಂದಿತ್ತೋ, ಹಾಗೇ ಆಯಿತು.

"ಹೆಸರು ಹೇಳ್ರಿ ಅಕ್ಕಾರ, ನಾ ಹುಡುಕಿ ಕೊಡತೇನಿ" ಎಂದ ಅವನು. ಕೀಬೋರ್ಡಿನಿಂದ ಕೈ ತೆಗೆದೆ. "ಪೂರಾ ನೆನಪಿಲ್ಲಂದ್ರ ಮೊದಲನೇ ಅಕ್ಷರ ಹೇಳ್ರಿ, ಸಾಕು."

ಅದನ್ನೂ ನಾನು ಹೇಳಲಾರದೆ ಕೂತೆ.