ಮೂರು ತಾಲೂಕಿನ ಓಟಿಪಿ

"ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನ್ಯಾಗ ನನ್ನ ಕೈಯಾಗ ಕಂಪ್ಯೂಟರ್ ಕಲೀಲಾರದ ಮಾಸ್ತರ ಒಬ್ಬನರ ಇದ್ರ ಕರಕೊಂಡು ಬರ್ರಿ, ಮೀಸಿ ಬೋಳಸ್ತೇನಿ," ಎಂದು ತರಬೇತುದಾರ ಶಿವಪುತ್ರ ಮಾಸ್ತರರು ಅಂಕಲಗಿಯ ಚಹಾದಂಗಡಿಯಲ್ಲಿ ಸಾರುತ್ತಿದ್ದರು.

ಮನುಷ್ಯ ಬಂಗಾರದಂಥವರು. ಕೇಡೆಂದರೆ, ಇನ್ನೊಬ್ಬರು ಮೌಸ್ ಹಿಡಿದು ತಡವರಿಸಿದರೆ ಅವರ ಜೀವ ತಡೆಯುತ್ತಿರಲಿಲ್ಲ. "ಬಿಡ್ರಿ, ಬಿಡ್ರಿ, ನಾ ಮಾಡಿ ಕೊಡ್ತೇನಿ," ಎಂದು ಕಸಿದುಕೊಳ್ಳುತ್ತಿದ್ದರು. ಬಂದವರು ಚಪ್ಪಾಳೆ ತಟ್ಟಿ, ಉಪ್ಪಿಟ್ಟು ತಿಂದು, ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಿದ್ದರು. ಪಾಠದ ಆ್ಯಪಿನಲ್ಲಿ ಎಲ್ಲರ ಖಾತೆಯನ್ನೂ ಶಿವಪುತ್ರರೇ ತೆರೆದಿದ್ದರು, ಅದೂ ತಮ್ಮ ಮೊಬೈಲ್ ನಂಬರು ಕೊಟ್ಟು. ಹೀಗಾಗಿ ಯಾವ ಶಾಲೆಯ ಟಿ.ವಿ.ಯಲ್ಲಿ ಯಾರು ವಿಡಿಯೋ ಪಾಠ ತೆರೆದರೂ ಓಟಿಪಿ ಬಂದು ಬೀಳುವುದು ಇವರ ಜೇಬಿಗೆ. ಇವರು ಜಳಕಕ್ಕೆ ಹೋದರೆ ಮೂರು ತಾಲೂಕಿನ ವಿದ್ಯೆ ನಿಲ್ಲುತ್ತಿತ್ತು. ಒಮ್ಮೆ ಮದುವೆ ಊಟದಲ್ಲಿ ಇನ್ನೊಂದು ಹೋಳಿಗೆ ಹಾಕಿಸಿಕೊಂಡ ತಪ್ಪಿಗೆ ಹುಕ್ಕೇರಿ ಕಡೆಯ ಏಳನೇ ತರಗತಿಯಲ್ಲಿ ಗಿಡಮರಗಳು ಆಹಾರ ತಯಾರಿಸುವುದು ಒಂದು ದಿನ ತಡವಾಯಿತು.

ಇಂಥದ್ದರಲ್ಲಿ, ತರಬೇತುದಾರರಿಗೇ ತರಬೇತಿ ಕೊಡುವ ಜಿಲ್ಲೆಯ ಸಾಹೇಬರು ಶನಿವಾರ ಬರುವುದಾಗಿ ಆದೇಶ ಬಂತು. ಹತ್ತರಗಿ ಬಾಜೂ ಕಂಬಾರ ತೋಟದ ಶಾಲೆಯಲ್ಲಿ ಸಭೆ. ಸಾಹೇಬರು ಬೆರಳು ಮಾಡಿದ ಶಿಕ್ಷಕರು ಸ್ವತಃ ಟಿ.ವಿ. ಹಚ್ಚಿ ಪಾಠ ಮಾಡಬೇಕು. ಆಗದಿದ್ದರೆ ಶಿವಪುತ್ರರ ತರಬೇತುದಾರಿಕೆ ಹೋದಂತೆ. ಮರಳಿ ಒಂದನೇ ತರಗತಿಗೆ, ಮಕ್ಕಳ ಮೂಗು ಒರೆಸಲಿಕ್ಕೆ. ಶಿವಪುತ್ರರಿಗೆ ಚಿಂತೆಯೇನೂ ಆಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಓಟಿಪಿ ಒದರಿದರಾಯಿತು.

ಅದೇ ಹುರುಪಿನಲ್ಲಿ ಮಂಗಳವಾರ ಬೆಲ್ಲದ ಬಾಗೇವಾಡಿಗೆ ಹೋದರು. ಅಲ್ಲಿ ಕೇದಾರಿಯ ಗಾಣದಲ್ಲಿ ಬೆಲ್ಲ ಮಾಡುವುದನ್ನು ವಿಡಿಯೋ ಪಾಠ ಮಾಡಬೇಕೆಂಬ ಆಸೆ. ಪಾಕ ಕುದಿಯುವುದು ಹತ್ತಿರದಿಂದ ಕಾಣಲೆಂದು ಕೊಪ್ಪರಿಗೆಯ ಮೇಲೆ ಬಗ್ಗಿದರು. ಉಗಿಗೆ ಕೈ ಬೆವರಿತು. ಫೋನು ಜಾರಿತು.

ಕೇದಾರಿ ಇಣುಕಿ ನೋಡಿದ. "ಇನ್ನ ಅದು ಫೋನಾಗಿ ಬರೂದಿಲ್ರಿ ಮಾಸ್ತರ. ಬೆಲ್ಲದ ಪೆಂಟಿ ಆಗಿ ಬರ್ತೈತಿ."

"ಸಿಮ್ ಆದ್ರೂ ಸಿಗತೈತೇನೋ?"

"ತಿಂದಾವ್ರು ಹೇಳಬೇಕ್ರಿ."

ಸಿಮ್ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ಹೊಸದು ಕೇಳಹೋದರೆ ಅಂಗಡಿಯವನು, "ಹೆಸರಿದ್ದವರನ್ನ ಕರಕೊಂಡು ಬರ್ರಿ," ಎಂದ. ಬುಧವಾರ ಮೂರು ತಾಲೂಕಿನ ಟಿ.ವಿ.ಗಳು ಒಟ್ಟಿಗೆ ಕಣ್ಣು ಮುಚ್ಚಿದವು. ಶಿಕ್ಷಣ ಕಚೇರಿಯವರು, ಎಲ್ಲರೂ ತಂತಮ್ಮ ಫೋನಿನಲ್ಲಿ ಹೊಸ ಖಾತೆ ತೆರೆಯಲಿ ಎಂದು ಕೈ ತೊಳೆದುಕೊಂಡರು.

ಗುರುವಾರ ಶಿವಪುತ್ರರು ಕಂಬಾರ ತೋಟಕ್ಕೆ ಓಡಿದರು. ಸುತ್ತಿನ ಶಿಕ್ಷಕರೆಲ್ಲ ಫೋನು ಹಿಡಿದು ಕೂತಿದ್ದರು. ಆ ಶಾಲೆಯ ನಂದಾ ಟೀಚರ್ ಮೊದಲ ಅಕ್ಷರ ಒತ್ತುವಷ್ಟರಲ್ಲಿ ಶಿವಪುತ್ರರ ಕೈ ತಾನಾಗಿ ಮುಂದೆ ಬಂತು.

"ಕೈ ಹಿಂದ ಕಟ್ಟಿ ನಿಂದರ್ರಿ ಸರ," ಎಂದರು ನಂದಾ. "ಹುಡುಗರೂ ಹೇಳಿದ್ರ ಕೇಳ್ತಾವ."

"ಅಕ್ಕೋರ, ಅದು ತಪ್ಪು ಒತ್ತಾಕತ್ತೀರಿ."

"ಒತ್ತತೇನಿ. ನನ್ನ ಫೋನು, ನನ್ನ ತಪ್ಪು."

ಶಿವಪುತ್ರರು ಕೈ ಕಟ್ಟಿದರು. ಆ ಸಂಕಟ ವೈರಿಗೂ ಬೇಡ. ನಂದಾ ಟೀಚರ್ ಟಿ.ವಿ.ಯನ್ನು ಒಮ್ಮೆ ಮರಾಠಿ ಮಾತಾಡಿಸಿದರು, ಒಮ್ಮೆ ತಲೆಕೆಳಗು ಮಾಡಿದರು. ಅದರ ಕೂಗಿಗೆ ಹೆದ್ದಾರಿಯ ಲಾರಿಗಳು ಬಾಜೂ ಸರಿದವಂತೆ. ಕಡೆಗೆ ಅವರದೇ ಫೋನಿಗೆ ಓಟಿಪಿ ಬಂದಾಗ, ಗಂಡನಿಗೂ ತೋರಿಸುವುದಿಲ್ಲವೆಂಬಂತೆ ಸೆರಗಿನಲ್ಲಿ ಮುಚ್ಚಿಕೊಂಡು ನೋಡಿದರು. ಆಮೇಲೆ ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆ ಹೂಡಿದಂತೆ, ಕಲಿತವರ ಬಾಜೂ ಕಲಿಯದವರನ್ನು ಕೂಡಿಸಿದರು. ಸಂಜೆಯ ಹೊತ್ತಿಗೆ ಶಿವಪುತ್ರರನ್ನು ಕೇಳುವವರೇ ಇಲ್ಲ.

ಶನಿವಾರ ಸಾಹೇಬರ ಬೆರಳು ನೇರ ನಂದಾ ಟೀಚರ್ ಕಡೆಗೇ ತಿರುಗಿತು. ಅವರು ಟಿ.ವಿ. ಹಚ್ಚಿ, ಎಲೆಯ ನರಗಳನ್ನು ಗೋಡೆಯಷ್ಟು ದೊಡ್ಡದು ಮಾಡಿ, ಮಕ್ಕಳಿಂದಲೇ ಪಾಠ ಹೇಳಿಸಿದರು. ಸಾಹೇಬರು ಚಪ್ಪಾಳೆ ತಟ್ಟಿದರು.

"ಚಲೋ ಆತ್ರಿ ಮೇಡಮ್. ಯಾವಾಗ ಕಲತ್ರಿ ಇದನ್ನ?"

"ಮೊನ್ನೆ ಗುರುವಾರರಿ."

ಸಾಹೇಬರ ಚಪ್ಪಾಳೆ ನಿಂತಿತು. ಶಿವಪುತ್ರರಿಗೆ ಒಂದನೇ ತರಗತಿಯ ಮೂಗುಗಳೆಲ್ಲ ಸಾಲಾಗಿ ಕಂಡವು.

"ಏನ್ರಿ ಶಿವಪುತ್ರ, ಐದು ವರ್ಷದಿಂದ ಇವರಿಗೆ ತರಬೇತಿ ಕೊಡಾಕತ್ತೀರಿ. ಇವರು ಕಲತದ್ದು ಗುರುವಾರ. ಅಲ್ಲೀತನಕ ಏನು ಮಾಡಾಕತ್ತಿದ್ರಿ?"

"ಸಾಹೇಬ್ರ, ತರಬೇತಿ ಹೆಂಗ ಕೊಡಬೇಕಂತ ನೀವೂ ನನಗ ಐದು ವರ್ಷದಿಂದ ತರಬೇತಿ ಕೊಡಾಕತ್ತೀರಿ," ಎಂದರು ಶಿವಪುತ್ರ. "ನಾನೂ ಗುರುವಾರನ ಕಲತೇನ್ರಿ."