ಅಕ್ಕೋರ ಗ್ರೀಕ್ ರಾಜ

ಶಿರಸಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದಾಗ ಮುಂದಿನ ಸೀಟಿನ ಹೆಂಗಸು ಒಣಗಿದ ಸುರಗಿ ದಂಡೆ ಮುಡಿದಿದ್ದರು. ಒಣಗಿದ ಮೇಲೂ ಸುರಗಿಯ ಪರಿಮಳ ಹೋಗುವುದಿಲ್ಲ. ನಾನು ಹೊರಟಿದ್ದೂ ಹಾಗೆಯೇ ಸುರಗಿ ಮುಡಿಯುತ್ತಿದ್ದವರ ಮನೆಗೆ. ಅವರು ತೀರಿಕೊಂಡು ನಾಲ್ಕಾರು ದಿನವಾಗಿತ್ತು...

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತೇವೆ. ಸಿದ್ದಾಪುರದ ಹತ್ತಿರದ ನಮ್ಮ ಹೈಸ್ಕೂಲಿಗೆ ಸಮಾಜ ಕಲಿಸಲು ಬಂದ ಈ ಅಕ್ಕೋರು ಹಾವೇರಿ ಸೀಮೆಯವರು. ಸುರಗಿಯನ್ನು ಅವರು ಮೊದಲು ಕಂಡದ್ದೇ ನಮ್ಮೂರಿನಲ್ಲಿ.

ಅವರಿಗೆ ಗ್ರೀಕರ ವಂಶಾವಳಿಗಳ ಹುಚ್ಚು. ಬೋರ್ಡಿನ ಮೇಲ್ತುದಿಯಲ್ಲಿ ಜ್ಯೂಸ್ ದೇವರ ಹೆಸರು, ಅದರ ಕೆಳಗೆ ಮಗ ಹೆರಾಕ್ಲಿಸ್, ಅವನ ಕೆಳಗೆ ಮಕ್ಕಳು, ಮೊಮ್ಮಕ್ಕಳು, ಬೋರ್ಡು ಮುಗಿಯುವವರೆಗೂ ರಾಜರು. ಅಲ್ಲಿ ಯಾರೇ ಪಟ್ಟಕ್ಕೆ ಬಂದರೂ ತಾನು ಒಬ್ಬ ವೀರನ ಕುಡಿ ಎಂದು ಹೇಳಿಕೊಳ್ಳಬೇಕಿತ್ತಂತೆ. "ಎಲ್ಲಾರೂ ದೇವರ ಮೊಮ್ಮಕ್ಕಳಾದ್ರ ಹೊಲಾ ಊಳಾಂವ ಯಾರಲೇ?" ಎಂದು ಅವರೇ ನಗಿಸುತ್ತಿದ್ದರು.

ಆ ವರ್ಷ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಒಂದು ಸಣ್ಣ ನಾಟಕ ಕಟ್ಟಿದರು. ಮ್ಯಾಸಿಡೋನಿಯಾದ ರಾಜನೊಬ್ಬ ಒಲಿಂಪಿಕ್ ಓಟಕ್ಕೆ ಬರುತ್ತಾನೆ. ನೀನು ನಮ್ಮವನಲ್ಲ ಎಂದು ಉಳಿದವರು ತಡೆಯುತ್ತಾರೆ. ಅವನು ಅಪ್ಪ, ಅಜ್ಜ, ಮುತ್ತಜ್ಜ ಎಂದು ಹೆರಾಕ್ಲಿಸನವರೆಗೆ ಹೆಸರು ಹೇಳಿದ ಮೇಲೆ ಓಡಲು ಬಿಡುತ್ತಾರೆ. ನನಗೆ ಬಾಯಿಪಾಠ ಚೆನ್ನಾಗಿ ಬರುತ್ತಿತ್ತು, ರಾಜನ ಪಾತ್ರ ನನಗೇ ಬಂತು.

ನನ್ನ ಅಪ್ಪ ಯಾರೆಂದು ಅವ್ವ ಯಾರಿಗೂ ಹೇಳಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಹೊರಗಿನಿಂದ ಬಂದ ಅಕ್ಕೋರಿಗೆ ಗೊತ್ತಿರಲಿಲ್ಲ. ಉಳಿದ ಮಾಸ್ತರರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಕಿರೀಟ ಇಟ್ಟುಕೊಳ್ಳುವ ಆಸೆ...

ಆ ಸಂಜೆ ಹತ್ತಿಯ ಗಡ್ಡ ಅಂಟಿಸಿಕೊಂಡ ಹುಡುಗ ಎದ್ದು ನಿಂತು ಕೇಳಿದ, "ಎಲೈ ಪರದೇಶಿಯೇ, ನಿನ್ನ ತಂದೆ ಯಾರು?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ಮಾತು ಬಂತು. "ಅದ್ನ ಅವ್ನ ಅವ್ವಂಗೇ ಕೇಳ್ಬೇಕು ಮಾರಾಯಾ, ಪಾಪ, ಅವ್ನಿಗೆಂತ ಗೊತ್ತು?"

ಜನ ನಕ್ಕರು. ಅವ್ವ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಕಲಿತ ಹೆಸರುಗಳೆಲ್ಲ ನೆನಪಿನಲ್ಲಿದ್ದವು, ಒಂದೂ ಹೊರಗೆ ಬರಲಿಲ್ಲ. ಕೊನೆಗೆ ಅಕ್ಕೋರು ಪರದೆ ಎಳೆಸಿದರು.

ಮರುದಿನ ಅವರು ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಯಾರೋ ಎಲ್ಲ ತಿಳಿಸಿದ್ದರು. ಜಗಲಿಯ ಅಂಚಿನಲ್ಲಿ ತಲೆ ತಗ್ಗಿಸಿ ಕುಳಿತು, "ತಪ್ಪಾತ್ರೀ ತಾಯಿ. ನನಗ ಗೊತ್ತಿರಲಿಲ್ರೀ" ಎಂದರು.

ಅವ್ವ ಕಷಾಯದ ಲೋಟ ಮುಂದಿಟ್ಟಳು. "ಕೇಳಿದ್ರಲ್ಲಿ ಎಂತ ತಪ್ಪು ಅಕ್ಕೋರೇ? ನಮ್ಮಲ್ಲಿ ಬಳಿ ಬರೂದು ಅವ್ವನಿಂದ. ಮದುವೆ ಮಾತಾಡೂಕೆ ಬಂದವ್ರೂ ಅದನ್ನೇ ಕೇಳೂದು. ನನ್ನ ಹೆಸರು, ನನ್ನ ಅವ್ವನ ಹೆಸರು ಹೇಳಿದ್ರೆ ಆಗ್ತಿತ್ತು. ಇವ ಅದಕ್ಕೂ ನಾಚ್ಕಂಡ."

ನನ್ನ ಕಡೆ ತಿರುಗದೆಯೇ ಹೇಳಿದಳು. ಬಳಿಯೆಂದರೆ ತಾಯಿಯ ಕಡೆಯಿಂದ ಇಳಿದು ಬರುವ ಕುಲ. ಹಾವೇರಿ ಸೀಮೆಯ ಅಕ್ಕೋರು ಅದನ್ನು ಕೇಳಿರಲಿಲ್ಲ. ಲೋಟ ಎತ್ತಿಕೊಂಡು, "ಹಂಗಾರ ಹೇಳ್ರೀ, ನಿಮ್ಮವ್ವಾರ ಹೆಸರೇನು? ಅವರವ್ವಾರದು?" ಎಂದರು. ಅವ್ವ ಒಂದೊಂದೇ ಹೆಸರು ಹೇಳುತ್ತ ಹೋಗಿ ಒಂದು ಕಡೆ ನಿಂತಳು.

"ಅದರ ಮೇಲೆ ನಂಗೂ ಗೊತ್ತಿಲ್ಲ. ನಿಮ್ಮ ರಾಜಂದ್ರ ಹಾಂಗೆ ದೇವರೇ ಇರ್ಬೇಕು."

ಇಬ್ಬರೂ ನಕ್ಕರು. ನಾನು ಎದ್ದು ಹಿತ್ತಿಲಿಗೆ ಹೋದೆ.

ಮುಂದೆ ಅವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಶಿರಸಿ ಪೇಟೆಯಲ್ಲಿ ಎದುರಾದಾಗಲೆಲ್ಲ ನನ್ನ ಮುಖ ನೋಡಲು ಹಿಂಜರಿಯುತ್ತಿದ್ದರು. "ಅವ್ವಾರು ಆರಾಮದಾರ?" ಎಂದು ಮೊದಲು ಕೇಳುತ್ತಿದ್ದರು. ನನ್ನನ್ನು ನೋಯಿಸಿದೆ ಎಂಬ ಅಳುಕು ಅವರಿಗೆ ಕೊನೆಯವರೆಗೂ ಇತ್ತು. ನಾನು ನಾಚಿದ್ದು ಅವ್ವನ ಬಗ್ಗೆ, ಅದು ನಿಮ್ಮ ತಪ್ಪಲ್ಲ ಎಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವ್ವ ತೀರಿಹೋದಾಗ ಅಕ್ಕೋರು ಬಂದು ಇಡೀ ಮಧ್ಯಾಹ್ನ ನನ್ನ ಪಕ್ಕ ಕುಳಿತಿದ್ದರು. ಆಗಲೂ ಹೇಳಲಿಲ್ಲ. ಇನ್ನು ಯಾರಿಗೆ ಹೇಳುವುದು...

ಯಲ್ಲಾಪುರದ ಮನೆಯಲ್ಲಿ ಅಕ್ಕೋರ ಅಣ್ಣ ಕುರ್ಚಿ ಎಳೆದುಕೊಟ್ಟರು. ವಯಸ್ಸಾದವರು. "ಬರ್ರಿ, ಕುಂದರ್ರಿ. ಯಾವೂರಾತು?"

"ಸಿದ್ದಾಪುರದ ಕಡೆ. ಅಕ್ಕೋರು ಕಲಿಸಿದ ಹುಡುಗ."

"ಹೌದೇನು? ಯಾರ ಮಗಾ ನೀವು?"

ಪ್ರೀತಿಯಿಂದಲೇ ಕೇಳಿದ್ದರು. ಅವ್ವನ ಹೆಸರು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಬೇರೆ ಯಾರೋ ಕಾಣಿಸಿದರು, ಅಕ್ಕೋರ ಅಣ್ಣ ಅತ್ತ ಎದ್ದು ಹೋದರು. ಸದ್ಯ, ಉತ್ತರ ಹೇಳುವುದು ತಪ್ಪಿತು ಎಂದು ಉಸಿರು ಬಿಟ್ಟೆ. ಬಿಟ್ಟ ಮೇಲೆ, ಎದುರಿಗಿದ್ದ ಅಕ್ಕೋರ ಫೋಟೋವನ್ನು ತಲೆಯೆತ್ತಿ ನೋಡಲಾಗಲಿಲ್ಲ.